ಕೇಳುವವನ ಪಾಪ, ಕೊಡುವವನ ಪಾಪ

ಕೆಲವು ಪ್ರಶ್ನೆಗಳಿಗೆ ಉತ್ತರ ತಕ್ಷಣವೇ ನಾಲಿಗೆಯ ತುದಿಗೆ ಬಂದುಬಿಡುತ್ತದೆ. ಆ ಉತ್ತರ ತಪ್ಪೆಂದು ಯಾರೂ ಹೇಳಲಾರರು. ಆದರೂ ಹೇಳಿಯಾದ ಮೇಲೆ ಬಹುಕಾಲದ ತನಕ ಅದು ಹೇಳಿದವನ ಮನಸ್ಸನ್ನೇ ಚುಚ್ಚುತ್ತಿರುತ್ತದೆ. ಅಂತಹ ಒಂದು ಉತ್ತರವನ್ನು ಕೆಲವು ವರ್ಷಗಳ ಹಿಂದೆ ನಾನು ಒಬ್ಬ ಯುವಕನಿಗೆ ಕೊಟ್ಟಿದ್ದೆ.

ಆತ ಸಾಲಿಗ್ರಾಮದ ಕಡೆಯವನು. ಇದು ಪಾಪನಿವೇದನೆಯಲ್ಲಿ ಕೇಳಿದ ಮಾತಲ್ಲ; ಮನೆಗಳ ಭೇಟಿಗೆಂದು ಹೋದಾಗ ಜಗಲಿಯ ಮೇಲೆ ಕುಳಿತು ಆಡಿದ ಮಾತು. ಬರೆಯಲು ಆತನ ಒಪ್ಪಿಗೆಯೂ ಇದೆ. ರಾಗಿ ಮತ್ತು ಅಕ್ಕಿಯನ್ನು ಹಿಟ್ಟು ಮಾಡಿ, ಪೊಟ್ಟಣ ಕಟ್ಟಿ, ಮೈಸೂರಿನ ಅಂಗಡಿಗಳಿಗೆ ಕಳುಹಿಸುವ ಸಣ್ಣ ಘಟಕವೊಂದನ್ನು ಆರಂಭಿಸಬೇಕೆಂಬುದು ಅವನ ಆಸೆ. ತಾಯಿಯ ಒಡವೆ ಒತ್ತೆ ಬಿದ್ದಿತ್ತು. ಬ್ಯಾಂಕಿನ ಸಾಲ ಮಂಜೂರಾಗಿ ಯಂತ್ರವೂ ಬಂದು ಇಳಿದಿತ್ತು. ಇನ್ನು ಒಂದು ಕಚೇರಿಯಿಂದ ಒಂದು ಸಹಿ ಬರಬೇಕಾಗಿತ್ತು. ಆ ಸಹಿಗೆ ಒಂದು ಮೊತ್ತವನ್ನು ಕೇಳಿದ್ದರು. ಅವನ ಕಾಗದಪತ್ರಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. "ಫಾದರ್, ಕೊಟ್ಟರೆ ಪಾಪವೇ?" ಎಂದು ಕೇಳಿದ. "ಪಾಪವೇ. ಕೊಡಬೇಡ" ಎಂದೆ. ಅವನ ತಾಯಿ ತಂದುಕೊಟ್ಟ ಕಾಫಿ ಕುಡಿದು ಮುಂದಿನ ಮನೆಗೆ ಹೋದೆ.

ಅವನು ಕೊಡಲಿಲ್ಲ. ಸಹಿಯೂ ಬರಲಿಲ್ಲ. ಸುಗ್ಗಿ ಕಳೆಯಿತು, ಸಾಲಕ್ಕೆ ಬಡ್ಡಿ ಬೆಳೆಯಿತು. ಕಡೆಗೆ ಯಂತ್ರವನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿ, ಬೆಂಗಳೂರಿನ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಂಡ. ಮುಂದಿನ ಜೂನ್ ತಿಂಗಳಲ್ಲಿ ಡೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬದ ಜನಸಂದಣಿಯಲ್ಲಿ ಎದುರಾದ. "ಸ್ತೋತ್ರ ಫಾದರ್" ಎಂದು ಕೈಮುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮಾತಿನ ನಡುವೆ ಇಷ್ಟು ಹೇಳಿದ: "ನೀವು ಹೇಳಿದ್ದು ಸರಿ ಫಾದರ್. ಆದರೆ ಆ ಸರಿಯನ್ನು ಮಾಡುವಾಗ ನಾನೊಬ್ಬನೇ ಇದ್ದೆ."

ಈ ಲೇಖನ ಆ ಒಂದು ಮಾತಿನ ಸುತ್ತ ನಾನು ಮಾಡಿಕೊಂಡ ಚಿಂತನೆ. ಬಡ ದೇಶದಲ್ಲಿ, ಅದರಲ್ಲೂ ಹಳ್ಳಿಗಾಡಿನಲ್ಲಿ, ಒಬ್ಬ ಸಾಮಾನ್ಯನ ಉದ್ದಿಮೆ ಏಕೆ ಬೆಳೆಯುವುದಿಲ್ಲ? ಅದು ಬೆಳೆಯದೆ ಸತ್ತಾಗ ಅದರ ಹೊಣೆ ಯಾರದು? ಮೊದಲನೆಯದು ಅರ್ಥಶಾಸ್ತ್ರಕ್ಕೆ ಸೇರಿದ್ದು ಎಂದು ನಾವು ಅಂದುಕೊಳ್ಳುತ್ತೇವೆ, ಎರಡನೆಯದು ನೀತಿಗೆ ಸೇರಿದ್ದು ಎನ್ನುತ್ತೇವೆ. ನನಗೆ ಈಗ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತಿವೆ.

ನಮ್ಮ ಸೀಮೆ ಬರಡು ನೆಲವಲ್ಲ. ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕಿ ಸಾಲಿಗ್ರಾಮ, ಕೃಷ್ಣರಾಜನಗರಗಳ ಬಯಲಿಗೆ ನೀರುಣಿಸುತ್ತಾಳೆ. ಭತ್ತದ ಕಣಜವೆಂದು ಹೆಸರಾದ ಪ್ರದೇಶವಿದು. ಪಕ್ಕದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕೆಂಪು ಮಣ್ಣಿನಲ್ಲಿ ವರ್ಜೀನಿಯಾ ತಂಬಾಕು ಬೆಳೆಯುತ್ತದೆ. ಆದರೆ ಬೆಳೆದದ್ದರಲ್ಲಿ ಬಹುಪಾಲು ಮೂಟೆಯಾಗಿ ಹೊರಗೆ ಹೋಗುತ್ತದೆ. ಅದರ ಹಿಂದೆಯೇ ಓದಿದ ಮಕ್ಕಳೂ ಹೋಗುತ್ತಾರೆ. ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಕಬ್ಬು ಅರೆಯದೆ ನಿಂತಿದ್ದನ್ನು ಈ ಭಾಗದ ರೈತರು ಕಂಡಿದ್ದಾರೆ.

ತಂಬಾಕಿನ ಉದಾಹರಣೆಯಲ್ಲಿ ನಮಗೊಂದು ಪಾಠವಿದೆ. ತಂಬಾಕು ಆರೋಗ್ಯಕ್ಕೆ ಹಾನಿಕರವೆಂದು ಬೆಳೆಯುವ ರೈತನಿಗೂ ಗೊತ್ತು. ಆದರೂ ಅದನ್ನು ಬಿಡುವುದು ಅವನಿಗೆ ಕಷ್ಟ. ಇದಕ್ಕೆ ದುರಾಸೆಯೊಂದೇ ಕಾರಣವೆಂದು ಹೇಳಿದರೆ ಅನ್ಯಾಯವಾಗುತ್ತದೆ. 1976ರಲ್ಲಿ ತಂಬಾಕು ಮಂಡಳಿ ಆರಂಭವಾಯಿತು. 1984ರಲ್ಲಿ ಕರ್ನಾಟಕದಲ್ಲಿ ಮಂಡಳಿಯ ಹರಾಜು ವ್ಯವಸ್ಥೆ ಬಂತು. ಬೆಳೆಗಾರನಿಗೆ ನೋಂದಣಿ ಇದೆ, ಬ್ಯಾಂಕ್ ಸಾಲಕ್ಕೆ ದಾರಿ ಇದೆ, ಗೊಬ್ಬರ ಸಿಗುತ್ತದೆ, ಹರಾಜು ಕಟ್ಟೆ ಇದೆ. ಬೆಲೆ ಕೆಲವು ವರ್ಷ ಕೈಕೊಟ್ಟರೂ ಬೀಜದಿಂದ ಹಣದವರೆಗೆ ಹಾದಿ ಸ್ಪಷ್ಟವಾಗಿದೆ. ದೇಹಕ್ಕೆ ಕೆಡುಕಾದ ಬೆಳೆಗೆ ಇಂತಹ ಹಾದಿಯಿದ್ದು, ಮಕ್ಕಳು ಉಣ್ಣುವ ರಾಗಿ ಹಿಟ್ಟಿಗೆ ಅದಿಲ್ಲದಿದ್ದರೆ ರೈತನ ಮಗ ಯಾವುದನ್ನು ಹಿಡಿದಾನು? ಮನುಷ್ಯನು ಒಳಿತನ್ನು ಆಯ್ದುಕೊಳ್ಳಬೇಕಾದರೆ ಒಳಿತಿನ ಹಾದಿಯೂ ನಡೆಯುವಂತಿರಬೇಕು.

ಹಾದಿಗೆ ಅಡ್ಡ ಬರುವ ಮೊದಲನೆಯದು ಅನುಮತಿಗಳ ಸರಮಾಲೆ. ಸ್ವಾತಂತ್ರ್ಯಾನಂತರ 1951ರ ಕೈಗಾರಿಕಾ ಕಾಯಿದೆಯಿಂದ ಪರವಾನಗಿಯ ಯುಗವೊಂದು ನಮ್ಮಲ್ಲಿ ಬೆಳೆಯಿತು. ಬಂಡವಾಳ ಕೆಲವೇ ಕೈಗಳಲ್ಲಿ ಸೇರಬಾರದೆಂಬ ಸದುದ್ದೇಶ ಅದರ ಹಿಂದಿತ್ತು. ಸಣ್ಣವರ ರಕ್ಷಣೆಗೆಂದು 1967ರಿಂದ ಕೆಲವು ವಸ್ತುಗಳ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೇ ಮೀಸಲಿಡಲಾಯಿತು. ಒಂದು ಕಾಲಕ್ಕೆ ಆ ಪಟ್ಟಿ 800 ವಸ್ತುಗಳನ್ನು ದಾಟಿತ್ತು. ಆದರೆ ಬೆಳೆದರೆ ರಕ್ಷಣೆ ತಪ್ಪುತ್ತದೆ ಎಂಬ ಭಯದಿಂದ ಸಣ್ಣವನು ಸಣ್ಣವನಾಗಿಯೇ ಉಳಿಯುವಂತಾಯಿತು. 2015ರಲ್ಲಿ ಪಟ್ಟಿಯ ಕೊನೆಯ 20 ವಸ್ತುಗಳನ್ನೂ ಕೈಬಿಡಲಾಯಿತು. 1991ರ ಜುಲೈನಲ್ಲಿ ದೆಹಲಿ ತನ್ನ ಪರವಾನಗಿಯ ಬಾಗಿಲನ್ನು ಬಹುಮಟ್ಟಿಗೆ ತೆರೆಯಿತು. ದೊಡ್ಡ ಉದ್ಯಮಗಳು ಆ ಬಾಗಿಲಿನಿಂದ ಒಳಹೊಕ್ಕವು. ಸಣ್ಣವನು ನಿಂತಿರುವುದು ದೆಹಲಿಯ ಬಾಗಿಲಲ್ಲಿ ಅಲ್ಲವಷ್ಟೆ. ಭೂ ಪರಿವರ್ತನೆ, ವಿದ್ಯುತ್ ಸಂಪರ್ಕ, ಸ್ಥಳೀಯ ಪರವಾನಗಿ ಎಂದು ಅವನು ತನ್ನ ಊರಿನ ಸುತ್ತಲಿನ ಸಣ್ಣ ಸಣ್ಣ ಬಾಗಿಲುಗಳಲ್ಲಿ ನಿಲ್ಲಬೇಕು.

ಇದು ನಮ್ಮ ದೇಶವೊಂದರ ಕಥೆಯಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಅರ್ಥಶಾಸ್ತ್ರಜ್ಞ ಹೆರ್ನಾಂಡೋ ಡಿ ಸೋಟೋ ಅವರ ತಂಡ 1983ರಲ್ಲಿ ಒಂದು ಪ್ರಯೋಗ ನಡೆಸಿತು. ಲಿಮಾ ನಗರದಲ್ಲಿ ಸಣ್ಣದೊಂದು ಉಡುಪು ಹೊಲಿಯುವ ಘಟಕವನ್ನು ಕಾನೂನುಬದ್ಧವಾಗಿ ನೋಂದಾಯಿಸಲು ಹೊರಟಿತು. ಅದಕ್ಕೆ 289 ದಿನಗಳು ಹಿಡಿದವು. 10 ಬಾರಿ ಲಂಚ ಕೇಳಲಾಯಿತು. ಎಂಟು ಬಾರಿ ಹೇಗೋ ತಪ್ಪಿಸಿಕೊಂಡರು; ಎರಡು ಬಾರಿ ಕೊಡದೆ ಮುಂದುವರಿಯಲು ಸಾಧ್ಯವೇ ಆಗಲಿಲ್ಲ. ಆ ತಂಡದವರಿಗೆ ಅದು ಪ್ರಯೋಗ. ಘಟಕ ನಿಂತರೆ ಅವರ ಮನೆಯ ಒಲೆ ಆರುವಂತಿರಲಿಲ್ಲ. ತಾಯಿಯ ಒಡವೆ ಒತ್ತೆಯಿಟ್ಟವನ ಸ್ಥಿತಿಯೇ ಬೇರೆ.

ಎರಡನೆಯ ಅಡ್ಡಿ ಬಂಡವಾಳ. ಬ್ಯಾಂಕ್ ಆಧಾರ ಕೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಕುಟುಂಬಗಳಿಗೆ ಭೂಮಿ ಇದ್ದರೂ ಅದು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ; ಪೌತಿ ಖಾತೆ ಆಗಿಲ್ಲ, ಪೋಡಿ ಆಗಿಲ್ಲ, ಅಣ್ಣತಮ್ಮಂದಿರ ಒಪ್ಪಿಗೆ ಇಲ್ಲ. ಭೂಮಿ ಯೋಜನೆಯ ಮೂಲಕ ಪಹಣಿ ಗಣಕಯಂತ್ರಕ್ಕೆ ಬಂತಾದರೂ ಅಣ್ಣತಮ್ಮಂದಿರ ಮನಸ್ಸನ್ನು ಗಣಕಯಂತ್ರ ಕೂಡಿಸಲಾರದು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆ ಆಧಾರವಿಲ್ಲದೆ ಸಾಲ ಕೊಡುತ್ತದೆ. ಅದರ ಮೊದಲ ಹಂತ 50,000 ರೂಪಾಯಿಯವರೆಗಿನದು. ಹೊಲಿಗೆ ಯಂತ್ರಕ್ಕೆ ಅದು ಸಾಕು. ನಾಲ್ವರಿಗೆ ಕೆಲಸ ಕೊಡುವ ಘಟಕಕ್ಕೆ ಸಾಲದು. ಹೀಗೆ ನಮ್ಮಲ್ಲಿ ಒಬ್ಬಿಬ್ಬರು ದುಡಿಯುವ ಲೆಕ್ಕವಿಲ್ಲದಷ್ಟು ಪುಟ್ಟ ಉದ್ದಿಮೆಗಳಿವೆ, ಸಾವಿರಾರು ಜನರ ಕೆಲವು ದೊಡ್ಡ ಕಂಪನಿಗಳಿವೆ. ನಡುವೆ ಇಪ್ಪತ್ತೋ ಐವತ್ತೋ ಮಂದಿಗೆ ಅನ್ನ ಕೊಡುವ ಮಧ್ಯಮ ಗಾತ್ರದವು ತೀರಾ ಕಡಿಮೆ. ಊರಿನ ಮಕ್ಕಳು ಊರಿನಲ್ಲೇ ಉಳಿಯಬೇಕಾದರೆ ಬೇಕಾದುದು ಆ ನಡುವಿನವೇ.

ಮೂರನೆಯದು ಕಾನೂನಿನ ಪುಸ್ತಕದಲ್ಲಿ ಬಗೆಹರಿದು, ಬದುಕಿನಲ್ಲಿ ಬಗೆಹರಿಯದ ಅಡ್ಡಿ: ಸರಕು ಪಡೆದವರು ಹಣ ಕೊಡದಿರುವುದು. 2006ರ ಕಾಯಿದೆಯ ಪ್ರಕಾರ ಸಣ್ಣ ಉದ್ದಿಮೆಯಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನಗಳಲ್ಲಿ ಹಣ ಪಾವತಿ ಮಾಡಬೇಕು; ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಿ ಕೊಡಬೇಕು. ಆದರೆ ತನ್ನ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಬದುಕುವ ಧೈರ್ಯ ಯಾವ ಸಣ್ಣವನಿಗಿದೆ? ಲಾಭವಿದ್ದೂ ಕೈಯಲ್ಲಿ ಕಾಸಿಲ್ಲದೆ ಬಾಗಿಲು ಮುಚ್ಚಿದ ಉದ್ದಿಮೆಗಳು ಅನೇಕ.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಕೂಲಿಯವನ ಕೂಲಿಯನ್ನು ತಡೆಹಿಡಿಯುವುದನ್ನು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ ಧರ್ಮಸಭೆ ಇರಿಸಿದೆ. ಸಂತ ಯಕೋಬರು ಶ್ರೀಮಂತರಿಗೆ ಕೊಟ್ಟ ಕಟುವಾದ ಎಚ್ಚರಿಕೆಯೂ ಇದರ ಕುರಿತೇ. ಈ ಬೋಧನೆಯನ್ನು ನಾವು ಪೀಠದಿಂದ ಓದುತ್ತೇವೆ. ಆದರೆ ಹಬ್ಬಕ್ಕೆ ಶಾಮಿಯಾನ ಹಾಕಿದವನಿಗೆ, ಶಾಲೆಗೆ ಬೆಂಚು ಮಾಡಿಕೊಟ್ಟ ಬಡಗಿಗೆ, ಆಮಂತ್ರಣ ಪತ್ರ ಅಚ್ಚು ಹಾಕಿದ ಮುದ್ರಣಾಲಯದವನಿಗೆ ನಾವು ಎಷ್ಟು ದಿನಕ್ಕೆ ಹಣ ಕೊಟ್ಟೆವು? "ದೇವಾಲಯದ ಕೆಲಸ, ಸ್ವಲ್ಪ ತಡವಾದರೆ ಏನಂತೆ" ಎಂಬ ಮಾತನ್ನು ನಾನೂ ಆಡಿದ್ದೇನೆ. ದೇವರ ಹೆಸರಿನಲ್ಲಿ ಬಡವನಿಂದ ಬಡ್ಡಿಯಿಲ್ಲದ ಸಾಲ ಪಡೆದಂತಾಯಿತು ಅದು. ಅದೂ ಅವನ ಒಪ್ಪಿಗೆ ಕೇಳದೆ.

ಈಗ ಯುವಕನ ಪ್ರಶ್ನೆಗೆ ಬರೋಣ. ಕೊಟ್ಟರೆ ಪಾಪವೇ?

ಎರಡು ಬಗೆಯ ಕೊಡುವಿಕೆಗಳಿವೆ. ತನಗೆ ಸಲ್ಲದ್ದನ್ನು ಪಡೆಯಲು ಕೊಡುವುದು ಒಂದು. ತನಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ತಡೆಹಿಡಿದಾಗ ಅದನ್ನು ಬಿಡಿಸಿಕೊಳ್ಳಲು ಕೊಡುವುದು ಮತ್ತೊಂದು. ಮೊದಲನೆಯವನು ಅನ್ಯಾಯವನ್ನು ಖರೀದಿಸುತ್ತಾನೆ. ಎರಡನೆಯವನು ದೋಚಲ್ಪಡುತ್ತಾನೆ. ದಾರಿಯಲ್ಲಿ ಕತ್ತಿ ಹಿಡಿದವನಿಗೆ ಹಣದ ಚೀಲ ಕೊಟ್ಟವನನ್ನು ಯಾವ ನೀತಿಶಾಸ್ತ್ರವೂ ಕಳ್ಳನ ಪಾಲುದಾರನೆಂದು ಕರೆಯುವುದಿಲ್ಲ. ಸ್ವಾತಂತ್ರ್ಯ ಕುಗ್ಗಿದಷ್ಟೂ ಹೊಣೆಯೂ ಕುಗ್ಗುತ್ತದೆಂಬುದು ಗುರುಮಠದಲ್ಲಿ ನಾವು ಕಲಿತ ಮೊದಲ ಪಾಠಗಳಲ್ಲೊಂದು. ನಮ್ಮ ದೇಶದ ಕಾನೂನು ಸಹ ಇದನ್ನು ಒಂದು ಮಟ್ಟಿಗೆ ಒಪ್ಪುತ್ತದೆ. 2018ರ ತಿದ್ದುಪಡಿ ಲಂಚ ಕೊಡುವವನನ್ನೂ ಅಪರಾಧಿಯೆಂದು ಹೇಳಿತು. ಆದರೆ ಬಲವಂತಕ್ಕೆ ಸಿಲುಕಿ ಕೊಟ್ಟವನು ಏಳು ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಅವನನ್ನು ಹೊರಗಿಟ್ಟಿತು.

ಹಾಗಾದರೆ ನಾನು ಹೇಳಿದ್ದು ತಪ್ಪೇ? ಪೂರ್ಣವಾಗಿ ಅಲ್ಲ. ದಾರಿಗಳ್ಳನಿಗೂ ಈ ಪ್ರಕರಣಕ್ಕೂ ಒಂದು ವ್ಯತ್ಯಾಸವಿದೆ. ಕಚೇರಿಯ ಮೇಜಿನ ಮೇಲೆ ಒಬ್ಬನು ಕೊಟ್ಟ ಮೊತ್ತ ಮುಂದೆ ಬರುವವನಿಗೆ ದರಪಟ್ಟಿಯಾಗುತ್ತದೆ. ಕೊಡಬಲ್ಲವನು ಕೊಟ್ಟು ದಾಟಿಹೋಗುತ್ತಾನೆ. ಕೊಡಲಾರದ ವಿಧವೆ, ದಲಿತ ಹುಡುಗ, ನೆಲವಿಲ್ಲದವನು ಹಿಂದೆ ಉಳಿಯುತ್ತಾರೆ. ಆದ್ದರಿಂದ ಬಲವಂತಕ್ಕೆ ಸಿಕ್ಕಿ ಕೊಟ್ಟವನ ತಪ್ಪು ಹಗುರವಾದರೂ ಅದರ ಫಲ ಹಗುರವಲ್ಲ. "ಎಲ್ಲರೂ ಕೊಡುತ್ತಾರೆ" ಎಂಬ ಮಾತಿನಲ್ಲಿ ಆ ಫಲವನ್ನು ಅನುಭವಿಸುವವರು ಮರೆಯಾಗಿಬಿಡುತ್ತಾರೆ.

ಇನ್ನೂ ಒಂದು ಅಪಾಯವಿದೆ. ನಿಯಮಗಳೆಲ್ಲವೂ ಅಡ್ಡಿಗಳೇ ಎಂದು ಭಾವಿಸುವುದು ತಪ್ಪು. 2013ರ ಏಪ್ರಿಲ್ 24ರಂದು ಬಾಂಗ್ಲಾದೇಶದಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಉಡುಪು ಹೊಲಿಯುವ ಬಡ ಹೆಣ್ಣುಮಕ್ಕಳು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಅನುಮತಿಯಿಲ್ಲದೆ ಮೇಲಿನ ಅಂತಸ್ತುಗಳು ಎದ್ದಿದ್ದವು. ಅಲ್ಲಿ ನಿಯಮಗಳು ಜೀವ ಉಳಿಸಬಹುದಾಗಿತ್ತು. ಲಂಚದ ದೊಡ್ಡ ಕೆಡುಕು ಇದೇ: ಒಳ್ಳೆಯ ನಿಯಮವನ್ನೂ ಕೆಟ್ಟ ನಿಯಮವನ್ನೂ ಅದು ಒಂದೇ ಬೆಲೆಗೆ ಮಾರುತ್ತದೆ. ಕಾವೇರಿಗೆ ವಿಷ ಹರಿಸುವವನಿಗೂ ಅದೇ ಮೇಜು, ರಾಗಿ ಬೀಸುವವನಿಗೂ ಅದೇ ಮೇಜು.

ಆ ಮೇಜಿನ ಆಚೆ ಕುಳಿತವನು ಯಾರು? ಬೇರೆ ಲೋಕದಿಂದ ಬಂದವನೇನಲ್ಲ. ಯಾವುದೋ ಮಠಕ್ಕೆ, ಮಸೀದಿಗೆ, ದೇವಾಲಯಕ್ಕೆ ಹೋಗುವವನು. ಕೆಲವೊಮ್ಮೆ ನಮ್ಮದೇ ಧರ್ಮಕೇಂದ್ರದ ಮುಂದಿನ ಸಾಲಿನ ಬೆಂಚಿನಲ್ಲಿ ಕೂರುವವನು. ಸ್ನಾನಿಕ ಯೊವಾನ್ನರ ಬಳಿ ಸುಂಕದವರು ಬಂದು ತಾವೇನು ಮಾಡಬೇಕೆಂದು ಕೇಳಿದಾಗ ಅವರು ಕೆಲಸ ಬಿಡಿರೆಂದು ಹೇಳಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿರೆಂದು ಹೇಳಿದರು. ಜಕ್ಕಾಯನ ಮನೆಗೆ ಯೇಸುಸ್ವಾಮಿ ಊಟಕ್ಕೆ ಹೋದರು. ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುವ ಮಾತು ಜಕ್ಕಾಯನ ಬಾಯಿಂದಲೇ ಬಂತು. ನಾವೋ, ಅಂತಹವನ ಹೊಸ ಮನೆಯ ಆಶೀರ್ವಾದಕ್ಕೆ ಹೋಗುತ್ತೇವೆ, ಊಟ ಮಾಡುತ್ತೇವೆ, ನಾಲ್ಕು ಪಟ್ಟಿನ ಮಾತು ಎತ್ತದೆ ಬರುತ್ತೇವೆ. ಮಗಳಿಗೆ ವರ ಹುಡುಕುವಾಗ "ಸಂಬಳ ಎಷ್ಟು" ಎಂದು ಕೇಳಿ, "ಮೇಲಿನದೂ ಇದೆ" ಎಂಬ ಉತ್ತರಕ್ಕೆ ಹಿಗ್ಗುವ ಮನೆಗಳು ನಮ್ಮಲ್ಲಿಲ್ಲವೇ? ಆ "ಮೇಲಿನದು" ಯಾರದೋ ತಾಯಿಯ ಒಡವೆ.

ಹೊರಗಿನ ಅಡ್ಡಿಗಳ ಜೊತೆಗೆ ನಮ್ಮ ಮನಸ್ಸಿನೊಳಗಿನ ಅಡ್ಡಿಯೂ ಇದೆ. ವ್ಯಾಪಾರಂ ದ್ರೋಹ ಚಿಂತನಂ ಎಂಬ ಗಾದೆಯನ್ನು ನಾವು ಸುಲಭವಾಗಿ ನಂಬುತ್ತೇವೆ. ಸರ್ಕಾರಿ ಕೆಲಸ ಸಿಕ್ಕಿದವನಿಗೆ ಹಾರ ಹಾಕುತ್ತೇವೆ. ಅಂಗಡಿ ತೆರೆದವನನ್ನು "ಬೇರೇನೂ ಸಿಗಲಿಲ್ಲವೇನೋ" ಎಂದು ಕನಿಕರಿಸುತ್ತೇವೆ. ಅವನು ಸೋತರೆ "ಮೊದಲೇ ಹೇಳಿದ್ದೆವು" ಎನ್ನುತ್ತೇವೆ, ಗೆದ್ದರೆ ಅಸೂಯೆಪಡುತ್ತೇವೆ. ಧರ್ಮಸಭೆಯ ಬೋಧನೆ ಹೀಗಿಲ್ಲ. 1891ರಲ್ಲಿ ಹದಿಮೂರನೆಯ ಲಿಯೋ ಅವರು ಕಾರ್ಮಿಕರ ಹಕ್ಕುಗಳ ಜೊತೆಗೆ, ದುಡಿದು ಗಳಿಸಿದ ಸೊತ್ತಿನ ಹಕ್ಕನ್ನೂ ಎತ್ತಿಹಿಡಿದರು. 1931ರಲ್ಲಿ ಹನ್ನೊಂದನೆಯ ಪಯಸ್ ಅವರು, ಚಿಕ್ಕ ಸಮುದಾಯ ತಾನೇ ಮಾಡಬಲ್ಲದ್ದನ್ನು ದೊಡ್ಡ ವ್ಯವಸ್ಥೆ ಕಿತ್ತುಕೊಳ್ಳಬಾರದೆಂದು ಬೋಧಿಸಿದರು. ನಮ್ಮ ದೇಶ ತನ್ನ ಆರ್ಥಿಕ ನೀತಿಯನ್ನು ಬದಲಿಸಿದ 1991ರಲ್ಲೇ ಎರಡನೆಯ ಜಾನ್ ಪೌಲರು, ಲಾಭಕ್ಕೆ ನ್ಯಾಯವಾದ ಸ್ಥಾನವಿದೆ, ಆದರೆ ಉದ್ಯಮದ ಆರೋಗ್ಯಕ್ಕೆ ಅದೊಂದೇ ಅಳತೆಗೋಲಲ್ಲ, ಅಲ್ಲಿ ದುಡಿಯುವ ಜನರ ಘನತೆಯೂ ಅಷ್ಟೇ ಮುಖ್ಯ ಎಂದು ವಿವರಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಉದ್ಯಮವನ್ನು ಉದಾತ್ತವಾದ ಒಂದು ಕರೆಯೆಂದು ಕಂಡರು. ಕೆಲಸಗಳನ್ನು ಸೃಷ್ಟಿಸುವುದು ಲೋಕಹಿತದ ಸೇವೆಯ ಭಾಗವೆಂದರು. ಗುರುವಾಗುವ ಕರೆಗಾಗಿ ನಾವು ಪ್ರಾರ್ಥಿಸುತ್ತೇವೆ. ಹತ್ತು ಮನೆಗಳಿಗೆ ಅನ್ನವಾಗುವ ಉದ್ದಿಮೆಯನ್ನು ಕಟ್ಟುವ ಕರೆಗಾಗಿ ಒಮ್ಮೆಯಾದರೂ ಪ್ರಾರ್ಥಿಸಿದ್ದೇವೆಯೇ?

ತಲೆಂತುಗಳ ಸಾಮತಿಯನ್ನು ನಾನು ಅನೇಕ ಸಲ ಬೋಧಿಸಿದ್ದೇನೆ. ಒಡೆಯನು ಕೊಟ್ಟದ್ದನ್ನು ನೆಲದಲ್ಲಿ ಹೂತಿಟ್ಟ ಮೂರನೆಯ ಆಳನ್ನು ಪ್ರತಿ ಬಾರಿಯೂ ಸೋಮಾರಿಯೆಂದು ಗದರಿದ್ದೇನೆ. ಅವನೇ ಹೇಳುವಂತೆ ಅವನು ಹೂತಿಟ್ಟದ್ದು ಭಯದಿಂದ. ಆ ಭಯ ಅವನನ್ನು ಕ್ಷಮೆಗೆ ಅರ್ಹನನ್ನಾಗಿ ಮಾಡಲಿಲ್ಲ, ನಿಜ. ಆದರೆ ನಮ್ಮ ಊರುಗಳಲ್ಲಿ ತಲೆಂತನ್ನು ಹೊರತೆಗೆದವನಿಗೆ ಅಲೆದಾಟ, ಸಾಲ, ನಗೆಪಾಟಲು ಕಾದಿದ್ದು, ಹೂತಿಟ್ಟವನಿಗೆ ನೆಮ್ಮದಿ ಇರುವುದಾದರೆ, ಹೂಳುವುದನ್ನು ಕಲಿಸುತ್ತಿರುವವರು ನಾವೇ ಅಲ್ಲವೇ?

ಏನು ಮಾಡಬಹುದು? ನಮ್ಮ ನಾಡಿನ ಇತಿಹಾಸದಲ್ಲೇ ದಾರಿಗಳಿವೆ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. 1912ರಲ್ಲಿ ಮಂಗಳೂರಿನ ಕಥೋಲಿಕರು ತಮ್ಮದೇ ಸಹಕಾರಿ ಬ್ಯಾಂಕನ್ನು ಆರಂಭಿಸಿದರು. ಉಡುಪಿಯಲ್ಲಿ 1925ರಲ್ಲಿ ನೇಕಾರರ ಕಷ್ಟವನ್ನು ಕಂಡು ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1928ರಿಂದ ಪಿಗ್ಮಿ ಠೇವಣಿಯ ಮೂಲಕ ಮನೆಮನೆಯಿಂದ ದಿನದಿನದ ಚಿಲ್ಲರೆ ಕಾಸನ್ನು ಕೂಡಿಸಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವ ತನಕ ಅದು ಆ ಹೆಸರಿನಲ್ಲಿ ನಡೆಯಿತು. ಇವರೆಲ್ಲರೂ ಒಬ್ಬನಿಗೆ ಆಗದ್ದನ್ನು ಕೂಡಿ ಮಾಡಿದವರು.

ಧರ್ಮಕೇಂದ್ರದ ಮಟ್ಟದಲ್ಲಿ ನಾವು ಮಾಡಬಹುದಾದವು ಸಣ್ಣ ಕೆಲಸಗಳು. ನಿವೃತ್ತ ನೌಕರರು, ವಕೀಲರು, ಬ್ಯಾಂಕಿನವರು ನಮ್ಮಲ್ಲಿದ್ದಾರೆ. ತಿಂಗಳಿಗೊಂದು ಭಾನುವಾರ ಬಲಿಪೂಜೆಯ ನಂತರ ಅವರು ಮೇಜು ಹಾಕಿ ಕುಳಿತು ಅರ್ಜಿ ಬರೆಯಲು, ಸಕಾಲ ಕಾಯಿದೆಯಡಿ ಯಾವ ಸೇವೆಗೆ ಎಷ್ಟು ದಿನವೆಂದು ತಿಳಿಸಲು, ಉಚಿತವಾಗಿರುವ ಉದ್ಯಮ್ ನೋಂದಣಿ ಮಾಡಿಸಲು ನೆರವಾಗಬಹುದು. ನಮ್ಮ ಸಂಸ್ಥೆಗಳು ಬಿಲ್ಲು ಬಂದ ವಾರದಲ್ಲೇ ಹಣ ಪಾವತಿಸುವ ನಿಯಮ ಮಾಡಿಕೊಳ್ಳಬಹುದು. ಊರಿನವನು ಮಾಡಿದ ವಸ್ತು ಗುಣದಲ್ಲಿ ಸಮವಾಗಿದ್ದರೆ ಅದನ್ನೇ ಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಲಂಚ ಕೊಡೆನೆಂದು ನಿಂತವನ ಜೊತೆಗೆ ಯಾರಾದರೂ ನಿಲ್ಲಬೇಕು. ಅವನ ನಷ್ಟವನ್ನು ಸ್ವಲ್ಪ ಮಟ್ಟಿಗಾದರೂ ಹಂಚಿಕೊಳ್ಳಬೇಕು. ಹಂಚಿಕೊಳ್ಳಲು ಸಿದ್ಧನಿಲ್ಲದವನಿಗೆ "ಕೊಡಬೇಡ" ಎಂದು ಹೇಳುವ ಅಧಿಕಾರ ಎಷ್ಟಿದೆ? ನೀತಿಯ ಭಾರವನ್ನು ಇತರರ ಹೆಗಲ ಮೇಲೆ ಹೊರಿಸಿ ತಾವು ಬೆರಳನ್ನೂ ತಾಗಿಸದ ಧರ್ಮಬೋಧಕರನ್ನು ಪ್ರಭು ಯೇಸು ಗದರಿಸಿದ ಪ್ರಸಂಗವನ್ನು ಓದುವಾಗ, ಆ ಜಗಲಿಯ ಕಾಫಿ ನನಗೆ ನೆನಪಾಗುತ್ತದೆ.

ಕಳೆದ ವರ್ಷ ಅದೇ ಕಡೆಯ ಒಬ್ಬ ಹೆಣ್ಣುಮಗಳು ಇಂತಹದೇ ಪ್ರಶ್ನೆಯನ್ನು ಹೊತ್ತು ಬಂದಳು. ಈ ಸಲ ನಾನು ಉತ್ತರ ಹೇಳಲಿಲ್ಲ. ಅವಳ ಜೊತೆ ಕಚೇರಿಗೆ ಹೋದೆ. ಮೂರು ದಿನ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಮೂರನೆಯ ದಿನ ಸಹಿ ಆಯಿತು. ಯಾರೂ ಏನನ್ನೂ ಕೇಳಲಿಲ್ಲ. ಅದಕ್ಕೆ ನ್ಯಾಯ ಕಾರಣವೋ ನನ್ನ ಬಿಳಿ ನಿಲುವಂಗಿ ಕಾರಣವೋ ಎಂದು ಕೇಳಿಕೊಂಡರೆ, ನಿಲುವಂಗಿಯೇ ಇರಬೇಕು. ನಿಲುವಂಗಿಯ ನೆರವಿಲ್ಲದೆ ಸಹಿ ಸಿಗುವ ದಿನ ಇನ್ನೂ ಬಂದಿಲ್ಲ. ಆ ದಿನ ಬರುವ ತನಕ ಆ ಬೆಂಚಿನ ಮೇಲೆ ಯಾರೂ ಒಬ್ಬರೇ ಕೂರಬೇಕಾಗದಿರಲಿ ಎಂಬುದು ನನ್ನ ಪ್ರಾರ್ಥನೆ. ಬೆಂಗಳೂರಿನ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿರುವ ಆ ಯುವಕನಿಗೂ ಈ ಸಂಗತಿಯನ್ನು ತಿಳಿಸಿದೆ. "ಒಳ್ಳೆಯದಾಯಿತು ಫಾದರ್" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹಿಟ್ಟಿನ ಯಂತ್ರಕ್ಕೆ ಈಗ ಬೆಲೆ ಎಷ್ಟಿರಬಹುದೆಂದು ಕೇಳಿದ.